ಮನೆಯವರಿಗೂ ಹೇಳುವುದಿಲ್ಲ

ನನಗೆ ಸಿಟ್ಟು ಬೇಗ ಬರುತ್ತದೆ. ಮೊದಲೇ ಹೇಳಿಬಿಡುವುದು ಒಳ್ಳೆಯದು, ಮುಂದೆ ಹೇಗಿದ್ದರೂ ಗೊತ್ತಾಗುವ ಸಂಗತಿ ಅದು. ಇಷ್ಟು ವರ್ಷ ಔಷಧಿ ಅಂಗಡಿಯ ಕೌಂಟರಿನ ಹಿಂದೆ ನಿಂತವಳಿಗೆ ಸಿಟ್ಟು ಬರದಿದ್ದರೆ ಅದೂ ಒಂದು ಕಾಯಿಲೆಯೇ. "ಅದೇ ಬಿಳೀದು, ದುಂಡಗಿರುತ್ತಲ್ಲ" ಎಂದು ಮಾತ್ರೆ ಕೇಳುವವರು, ಪಕ್ಕದ ಮನೆಯವರಿಗೆ ಹಿಡಿಸಿತಂತೆ ನಮಗೂ ಅದನ್ನೇ ಕೊಡಿ ಎನ್ನುವವರು, ಎಲ್ಲರನ್ನೂ ಗದರುತ್ತೇನೆ. ಬೈಸಿಕೊಂಡವರು ಮತ್ತೆ ನನ್ನ ಹತ್ತಿರವೇ ಬರುತ್ತಾರೆ. ಬಿಲ್ಲಿನ ಮೇಜಿನ ಹಿಂದೆ ಕೂರುವ ನನ್ನ ಗಂಡ, "ಬಿಲ್ಲು ಮಾತ್ರೆಗಷ್ಟೇ, ಬೈಗುಳ ಪುಕ್ಕಟೆ" ಎಂದು ಅವರನ್ನು ನಗಿಸಿ ಕಳಿಸುತ್ತಾರೆ.

ಆ ಜ್ವರದ ಕಾಲದಲ್ಲಿ ಊರೆಲ್ಲ ಬಾಗಿಲು ಹಾಕಿತ್ತು, ನಾವು ಮಾತ್ರ ತೆರೆದಿದ್ದೆವು. ಕೌಂಟರಿಗೆ ಅಡ್ಡಲಾಗಿ ದಪ್ಪ ಪ್ಲಾಸ್ಟಿಕ್ ಹಾಳೆ ಕಟ್ಟಿ, ಕೈ ತೂರುವಷ್ಟು ಕಿಂಡಿ ಬಿಟ್ಟಿದ್ದೆವು. ಹೊರಗೆ ರಸ್ತೆಯ ಮೇಲೆ ನನ್ನ ಗಂಡ ಸುಣ್ಣದಲ್ಲಿ ವೃತ್ತಗಳನ್ನು ಬರೆದಿದ್ದರು. ಜನ ಅದರೊಳಗೆ ನಿಂತು ಮುಂದಿನವರು ಸರಿಯುವುದನ್ನೇ ಕಾಯುತ್ತಿದ್ದರು. ಎಲ್ಲರೂ ಮೂಗು ಬಾಯಿ ಮುಚ್ಚಿಕೊಂಡಿದ್ದರಿಂದ ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ಕೇಳಿಸುತ್ತಿರಲಿಲ್ಲ, ಹಾಗಾಗಿ ಎಲ್ಲರೂ ಕಿರುಚುತ್ತಿದ್ದರು. ಮೊದಲು ಕೌಂಟರಿನ ಮೇಲೆ ಬಾಗಿ ನನ್ನ ಕಿವಿಗೆ ಮಾತ್ರ ಹೇಳುತ್ತಿದ್ದ ಸಂಗತಿಗಳು ಈಗ ಎದುರಿನ ಮಹಡಿಯವರಿಗೂ ಕೇಳುವಂತಾಗಿದ್ದವು. ಮೂಲವ್ಯಾಧಿಯ ಮೇಷ್ಟರೊಬ್ಬರು ಒಮ್ಮೆ ಕಿಂಡಿಯವರೆಗೆ ಬಂದು, ಹಿಂದೆ ತಿರುಗಿ ನೋಡಿ, ಕೆಮ್ಮಿನ ಸಿರಪ್ಪು ತೆಗೆದುಕೊಂಡು ಹೋದರು. ಅವರಿಗೆ ಕೆಮ್ಮು ಇರಲಿಲ್ಲ.

ಇದು ಸಾಲದೆಂಬಂತೆ ನಮ್ಮ ಸಂಘದ ಗಾಡಿ. ಸಂಘವೆಂದರೆ ಊರಿನ ಫಾರ್ಮಸಿಸ್ಟರ ಸಂಘ. ಗಾಡಿಗೆ ಧ್ವನಿವರ್ಧಕ ಕಟ್ಟಿ ಬೀದಿ ಬೀದಿ ಸುತ್ತಿಸುತ್ತಿದ್ದರು. ಅದರೊಳಗಿಂದ ನಮ್ಮ ಅಧ್ಯಕ್ಷರ ದನಿ ಬರುತ್ತಿತ್ತು: "ಮಹಾಜನಗಳೇ, ಈ ಸಂಕಷ್ಟದ ಸಂದರ್ಭದಲ್ಲಿ ಔಷಧತಜ್ಞರು ಆರೋಗ್ಯ ಸೇನೆಯ ಮುಂಚೂಣಿ ಯೋಧರಾಗಿ ತಮ್ಮ ಸೇವೆಗೆ ಕಟಿಬದ್ಧರಾಗಿದ್ದಾರೆ. ಜ್ವರ, ಕೆಮ್ಮಿನ ಲಕ್ಷಣವಿರುವವರು ಸಲಹೆಗಾಗಿ ಕೂಡಲೇ ಸಂಪರ್ಕಿಸಿ. ಅನಗತ್ಯವಾಗಿ ಔಷಧಾಲಯಗಳಿಗೆ ಬಂದು ಗುಂಪುಗೂಡಬೇಡಿ."

ಈ 'ಅನಗತ್ಯವಾಗಿ' ಎಂಬ ಮಾತು ಯಾರನ್ನು ತಡೆಯಿತು ಗೊತ್ತೇ? ತಲೆಗೂದಲಿಗೆ ಬಣ್ಣ ಬೇಕೆಂದು ಬರುವವರನ್ನಲ್ಲ. ಅವರು ತಮ್ಮನ್ನು ಅನಗತ್ಯವೆಂದುಕೊಂಡವರೇ ಅಲ್ಲ. ಬಾಯಿ ಸತ್ತವರು, ಮನೆಯಲ್ಲಿ ಕೇಳಿದರೆ ಉತ್ತರ ಹೇಳಲಾಗದವರು, ತಿಂಗಳು ತಿಂಗಳು ಸದ್ದಿಲ್ಲದೆ ಬಂದು ಹೋಗುತ್ತಿದ್ದವರು, ಅವರೇ ಬರುವುದನ್ನು ಬಿಟ್ಟರು. ತಮ್ಮ ಮಾತ್ರೆ ಜ್ವರದ್ದಲ್ಲವಲ್ಲ, ಈಗ ಹೋಗಿ ಕೇಳಿದರೆ ತಪ್ಪಾದೀತು ಎಂದುಕೊಂಡರು. ಹಳೇ ಚೀಟಿಗೇ ದಿನದ ಔಷಧಿ ಕೊಡಬಹುದೆಂದು ಸರ್ಕಾರ ನಮಗೆ ಅನುಮತಿ ಕೊಟ್ಟಿತ್ತು. ಅದೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ನಮ್ಮ ಗಾಡಿ ಸಾರುತ್ತಿತ್ತು.

ಹಾಗೆ ಬರುವುದನ್ನು ಬಿಟ್ಟವರಲ್ಲಿ ಆ ಹೊಲಿಗೆಯ ಹುಡುಗಿ ಒಬ್ಬಳು.

ಹುಡುಗಿ ಎನ್ನುವುದು ನನ್ನ ಅಭ್ಯಾಸ. ಮದುವೆಯಾಗಿ ಕೆಲವು ವರ್ಷವಾಗಿತ್ತು. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಬಟ್ಟೆ ಹೊಲಿಯುತ್ತಿದ್ದಳು. ಅವಳಿಗೆ ಚಿಕ್ಕಂದಿನಿಂದ ಅಪಸ್ಮಾರವಿತ್ತು. ಮಾತ್ರೆ ತಪ್ಪಿಸದಿದ್ದರೆ ಏನೂ ಇಲ್ಲ, ಎಲ್ಲರ ಹಾಗೆಯೇ ಇರುತ್ತಾಳೆ. ತಪ್ಪಿಸಿದರೆ ಬಿದ್ದು ಒದ್ದಾಡುತ್ತಾಳೆ, ಜೀವಕ್ಕೇ ಸಂಚಕಾರ. ತವರಿನವರು ಈ ವಿಷಯ ಮುಚ್ಚಿಟ್ಟು ಮದುವೆ ಮಾಡಿದ್ದರು. ಮೊದಲ ಸಲ ನನ್ನ ಅಂಗಡಿಗೆ ಬಂದಾಗ ಚೀಟಿಯನ್ನು ಅಂಗೈಯಲ್ಲಿ ಮಡಚಿ ಹಿಡಿದು, "ಅಕ್ಕಾ, ನಮ್ಮತ್ತೆಗೆ ಗೊತ್ತಾದ್ರೆ ನಾನು ಆ ಮನೇಲಿರಲ್ಲ. ಮನೆಗೆ ಮಾತ್ರ ಯಾವತ್ತೂ ಫೋನ್ ಮಾಡ್ಬೇಡಿ" ಅಂದಿದ್ದಳು.

ಅವಳ ಅತ್ತೆಯನ್ನು ನಾನು ಬಲ್ಲೆ. ಬೆನ್ನು ನೆಟ್ಟಗೆ, ನಡಿಗೆ ಬಿರುಸು, ತರಕಾರಿಯವನ ತಕ್ಕಡಿಯನ್ನೇ ತಿರುಗಿಸಿ ನೋಡುವ ಹೆಂಗಸು. ನಾನು ಮನಸ್ಸಿನಲ್ಲೇ ಅವರಿಗೆ ಮೇಜರ್ ಎಂದು ಹೆಸರಿಟ್ಟಿದ್ದೆ. ಈ ಮೇಜರ್ ಕೈಗೆ ಸಿಕ್ಕ ಸೊಸೆಯ ಗತಿ ಏನೆಂದು ನೆನೆದೇ ನನಗೆ ಅವರ ಮೇಲೆ ಸಿಟ್ಟು.

ಹುಡುಗಿಯ ಮಾತ್ರೆ ಮುಗಿಯುವ ಕಾಲ ಬಂತು, ದಾಟಿಯೂ ಹೋಯಿತು. ಅವಳು ಬರಲಿಲ್ಲ. ಫೋನ್ ಮಾಡೋಣವೆಂದರೆ ಮನೆಯಲ್ಲಿದ್ದದ್ದು ಗಂಡನ ಫೋನ್ ಒಂದೇ. ಸಂಘದವರು ಮನೆಮನೆಗೆ ಔಷಧಿ ತಲುಪಿಸುತ್ತಿದ್ದರು ನಿಜ, ಆದರೆ ಪೊಟ್ಟಣದ ಮೇಲೆ ರೋಗಿಯ ಹೆಸರು, ಔಷಧಿಯ ಹೆಸರು ಎರಡನ್ನೂ ದಪ್ಪಕ್ಷರದಲ್ಲಿ ಬರೆದು ಅಂಟಿಸಬೇಕೆಂಬ ನಿಯಮ. ಬಾಗಿಲು ತೆರೆದು ಪೊಟ್ಟಣ ಈಸಿಕೊಳ್ಳುವವರು ಮೇಜರೇ ತಾನೆ. ನಾನೇ ಹೋಗಿ ಬಾಗಿಲು ತಟ್ಟಿದರೆ? ಔಷಧಿ ಅಂಗಡಿಯಾಕೆ ಸೊಸೆಯನ್ನು ಹುಡುಕಿಕೊಂಡು ಬಂದಳೆಂದರೆ ಇನ್ನೇನು ಉಳಿಯಿತು. ಅವಳ ಮಾತ್ರೆಯ ಪಟ್ಟಿಗಳನ್ನು ತೆಗೆದಿಟ್ಟುಕೊಂಡು ನಾನು ಸುಮ್ಮನೆ ಕುದಿಯುತ್ತಿದ್ದೆ. ಹೆದರಿಕೆಯೂ ಆಗಿತ್ತು. ಎಲ್ಲೋ ಬಿದ್ದಿರುತ್ತಾಳೆ, ಮೆಷಿನ್ನಿನ ಚಕ್ರಕ್ಕೆ ಕೈ ಕೊಟ್ಟಿರುತ್ತಾಳೆ ಎಂದೆಲ್ಲ ಕಣ್ಣ ಮುಂದೆ ಬರುತ್ತಿತ್ತು.

"ಗಾಡಿ ನಮ್ಮದೇ ಅಲ್ವಾ" ಅಂದರು ನನ್ನ ಗಂಡ. "ನೀನೂ ಪ್ರಚಾರ ಸಮಿತೀಲಿದೀಯ. ಅದರಲ್ಲೇ ಹೇಳ್ಸು."

ಪ್ರಚಾರ ಸಮಿತಿಯಲ್ಲಿ ನಾನಿದ್ದದ್ದು ಫೋಟೋದಲ್ಲಿ ಒಬ್ಬ ಹೆಂಗಸು ಇರಲಿ ಎಂದು. ಆದರೂ ಇದ್ದೆನಲ್ಲ. ಮಧ್ಯಾಹ್ನ ಅಂಗಡಿಯನ್ನು ಅವರಿಗೆ ಬಿಟ್ಟು ಸಂಘದ ಕಚೇರಿಯ ಮೆಟ್ಟಿಲು ಹತ್ತಿದೆ. ಕುರ್ಚಿಗಳನ್ನು ಗೋಡೆಗೊಂದರಂತೆ ದೂರ ದೂರ ಹಾಕಿದ್ದರು. ಮೇಜಿನ ಮೇಲೆ ಹೊಸ ಪೋಸ್ಟರಿನ ಕರಡು ಹರಡಿತ್ತು. ಬಿಳಿ ಕೋಟು ತೊಟ್ಟ ಫಾರ್ಮಸಿಸ್ಟನೊಬ್ಬ ಗುರಾಣಿ ಹಿಡಿದು ಮುಳ್ಳುಮುಳ್ಳಿನ ರೋಗಾಣುವನ್ನು ತಡೆಯುತ್ತಿದ್ದ.

"ಹೇಗಿದೆ ಮೇಡಂ?" ಅಂದರು ಅಧ್ಯಕ್ಷರು.

"ಗುರಾಣಿ ಚೆನ್ನಾಗಿದೆ. ಮಾತ್ರೆ ಎಲ್ಲಿ?"

ಯಾರೋ ನಕ್ಕರು. ಅಧ್ಯಕ್ಷರು ನಗಲಿಲ್ಲ. ಆ ಮನುಷ್ಯನಿಗೆ ಮೈಕು ಸಿಕ್ಕರೆ ಊಟ ಬೇಡ, ಹಾಗಾಗಿ ನಾವು ಹಿಂದಿನಿಂದ ಭಾಷಣರಾಯರು ಅನ್ನುತ್ತಿದ್ದೆವು. ನಾನು ನನ್ನ ತಕರಾರನ್ನೆಲ್ಲ ಒಂದೇ ಉಸಿರಿಗೆ ಸುರಿದೆ. ಯೋಧರು ಗೀಧರು ಸಾಕು, ದಿನದ ಮಾತ್ರೆಯವರು ಬರುವುದನ್ನೇ ಬಿಟ್ಟಿದ್ದಾರೆ, ಹಳೇ ಚೀಟಿ ನಡೆಯುತ್ತದೆಂದು ಯಾರಿಗೂ ಗೊತ್ತಿಲ್ಲ, ನೀವು ಬೇರೆ ಅನಗತ್ಯವಾಗಿ ಬರಬೇಡಿ ಅಂತ ಹೆದರಿಸುತ್ತಿದ್ದೀರಿ, ಇದೆಂಥ ಪ್ರಚಾರ ಅಂದೆ.

ಅಧ್ಯಕ್ಷರು ಪೋಸ್ಟರಿನ ಸುರುಳಿದ್ದ ಮೂಲೆಯನ್ನು ಬೆರಳಿನಿಂದ ನೇರ ಮಾಡಿದರು. ಆಮೇಲೆ ಹೇಳಿದರು, "ಹೋದ ವಾರ ನಮ್ಮ ಸದಸ್ಯರೊಬ್ಬರು ಜ್ವರದಿಂದ ಹೋದ್ರು. ಕೊನೇ ದಿನದವರೆಗೂ ಅಂಗಡಿ ತೆಗೆದಿದ್ರು ಪಾಪ. ಪೇಪರಲ್ಲಿ ಏನ್ ಬಂತು ನೋಡಿದ್ರಾ? 'ವ್ಯಾಪಾರಿ ಸಾವು' ಅಂತ. ಡಾಕ್ಟರಿಗೆ ಚಪ್ಪಾಳೆ, ನರ್ಸಿಗೆ ಚಪ್ಪಾಳೆ. ನಾವು ವ್ಯಾಪಾರಿಗಳು. ಅವರ ಹೆಂಡತಿ ಫೋನ್ ಮಾಡಿ ಅತ್ರು ಮೇಡಂ. ಅದಕ್ಕೇ ಈ ಗುರಾಣಿ ಎಲ್ಲ. ನನಗೇನು ಹುಚ್ಚಾ?"

ನನ್ನ ಸಿಟ್ಟು ಅರ್ಧ ಇಳಿಯಿತು. ಆ ಸದಸ್ಯರನ್ನು ನಾನೂ ಬಲ್ಲೆ. ನಮ್ಮಲ್ಲಿ ಔಷಧಿ ಮುಗಿದಾಗ ತಮ್ಮ ಅಂಗಡಿಯದನ್ನೇ ಕಳಿಸುತ್ತಿದ್ದರು. ಸಂಕಟವಾಯಿತು.

"ತಪ್ಪು ತಿಳ್ಕೋಬೇಡಿ ಸಾರ್" ಅಂದೆ. "ಅವರು ಏನು ಮಾಡ್ತಿದ್ರು ಅನ್ನೋದನ್ನೇ ಹೇಳೋಣ ಅಂತಿದೀನಿ. ಯೋಧ ಅಂದ್ರೆ ಜನಕ್ಕೆ ಏನ್ ತಿಳಿಯುತ್ತೆ?"

"ಸರಿ, ನಿಮಗೇನು ಹೇಳ್ಬೇಕು, ಬರೀರಿ."

ನಾನು ನಿಂತಲ್ಲೇ ಬರೆದು ಓದಿದೆ: "ನಾನು ಔಷಧಿ ಅಂಗಡಿಯಿಂದ ಮಾತಾಡ್ತಿದೀನಿ. ದಿನಾ ಮಾತ್ರೆ ತೊಗೊಳ್ಳೋರು ನಿಲ್ಲಿಸಬೇಡಿ. ಹಳೇ ಚೀಟಿಗೇ ಕೊಡ್ತೀವಿ. ಚೀಟಿ ಕಳೆದಿದ್ರೆ ಡಾಕ್ಟರಿಗೆ ನಾವೇ ಫೋನ್ ಮಾಡ್ತೀವಿ. ದಾರೀಲಿ ತಡೆದ್ರೆ, ಔಷಧಿ ಅಂಗಡಿಯವರು ಬರಹೇಳಿದಾರೆ ಅನ್ನಿ, ಸಾಕು. ಯಾವ ಕಾಯಿಲೆ ಅಂತ ಯಾರಿಗೂ ಹೇಳ್ಬೇಕಿಲ್ಲ. ಅಂಗಡೀಲೂ ಕೂಗಬೇಡಿ, ಚೀಟಿ ತೋರಿಸಿ. ನೀವು ಏನು ತೊಗೊಂಡ್ರಿ ಅಂತ ನಾವು ಯಾರಿಗೂ ಹೇಳಲ್ಲ, ನಿಮ್ಮ ಮನೆಯವರಿಗೂ ಹೇಳಲ್ಲ."

"ಕೊನೇ ಮಾತು ಬೇಡ" ಎಂದರು ಖಜಾಂಚಿ. "ಮನೆಮುರುಕ ಮಾತಾಗುತ್ತೆ. ಗಂಡ ಹೆಂಡತಿ ಮಧ್ಯೆ ನಾವ್ಯಾಕೆ ಕಡ್ಡಿ ಆಡಿಸ್ಬೇಕು?"

"ಅದು ಬೇಡ ಅಂದ್ರೆ ಮಿಕ್ಕಿದ್ದೂ ಬೇಡ" ಎಂದೆ. ನನ್ನ ದನಿ ಏರಿತ್ತು.

ಅಧ್ಯಕ್ಷರು ನನ್ನ ಮುಖವನ್ನೇ ನೋಡಿದರು. "ಯಾರಿಗೋಸ್ಕರ ಮೇಡಂ ಇಷ್ಟು ಹಟ?"

"ಅದನ್ನ ಹೇಳೋ ಹಾಗಿಲ್ಲ."

 ಅಲ್ಲಿದ್ದವರೆಲ್ಲ ಕೌಂಟರಿನ ಹಿಂದೆ ನಿಂತವರೇ. ಪೋಸ್ಟರನ್ನು ನಿಧಾನವಾಗಿ ಸುತ್ತುತ್ತಾ ಅಧ್ಯಕ್ಷರು, ಧ್ವನಿವರ್ಧಕದ್ದಲ್ಲದ ಬೇರೆಯೇ ದನಿಯಲ್ಲಿ, "ನನ್ನ ಅಂಗಡಿಗೂ ಒಬ್ರು ಬಂದಿಲ್ಲ" ಎಂದರು. ಖಜಾಂಚಿ ತಲೆ ಬಗ್ಗಿಸಿ ತಮ್ಮ ಕನ್ನಡಕ ಒರೆಸತೊಡಗಿದರು. ಅವರ ಅಂಗಡಿಗೆ ಯಾರು ಬಂದಿರಲಿಲ್ಲವೋ ನನಗೆ ಗೊತ್ತಿಲ್ಲ. ಕೊನೆಯ ಮಾತು ಉಳಿಯಿತು.

ಓದುವುದೂ ನನ್ನ ತಲೆಗೇ ಬಂತು. "ನಿನ್ನ ದನಿ ಕೇಳಿದ್ರೆ ಬರ್ತಿದ್ದೋರೂ ಒಳಗೆ ಹೋಗಿ ಚಿಲಕ ಹಾಕ್ಕೋತಾರೆ, ಸ್ವಲ್ಪ ಮೆತ್ತಗೆ ಓದು" ಎಂದರು ನನ್ನ ಗಂಡ. ಮೆತ್ತಗೆ ಓದಲು ನೋಡಿದೆ, ಯಾರದೋ ದನಿಯಂತೆ ಕೇಳಿಸಿತು. ಕಡೆಗೆ ನನ್ನ ದನಿಯಲ್ಲೇ ಓದಿ ರೆಕಾರ್ಡ್ ಮಾಡಿಸಿದೆ. ಮಾರುಕಟ್ಟೆಯ ಹಿಂದಿನ ಗಲ್ಲಿಯಲ್ಲಿ ನಿಧಾನವಾಗಿ ಹೋಗಪ್ಪಾ ಎಂದು ಗಾಡಿಯವನಿಗೆ ಬೇರೆಯಾಗಿ ಹೇಳಿದೆ.

ಜನ ಬರತೊಡಗಿದರು. ಚೀಟಿಯನ್ನು ಪ್ಲಾಸ್ಟಿಕ್ ಹಾಳೆಗೆ ಒತ್ತಿ ಹಿಡಿದು ಸುಮ್ಮನೆ ನಿಲ್ಲುತ್ತಿದ್ದರು, ನಾನು ಸುಮ್ಮನೆ ಕೊಡುತ್ತಿದ್ದೆ. ಮೇಷ್ಟರೂ ಬಂದರು, ಈ ಸಲ ಕೆಮ್ಮಿನ ಸಿರಪ್ಪು ಕೇಳಲಿಲ್ಲ. ಒಬ್ಬಾತನಂತೂ ಕಾಗದದಲ್ಲಿ 'ತಲೆಹೊಟ್ಟು' ಎಂದು ಬರೆದು ಮಡಚಿ ಮಡಚಿ ತಂದಿದ್ದ, ಏನೋ ದೊಡ್ಡ ಗುಟ್ಟಿನಂತೆ. ನಗು ತಡೆದುಕೊಂಡು ಶಾಂಪೂ ಕೊಟ್ಟೆ. ಹೊಲಿಗೆಯ ಹುಡುಗಿ ಮಾತ್ರ ಬರಲಿಲ್ಲ.

ಬಂದವರು ಅವಳ ಅತ್ತೆ.

ಬೆಳಿಗ್ಗೆ ಅಂಗಡಿ ತೆರೆದು ಕಸ ಗುಡಿಸುತ್ತಿದ್ದೆ. ಮೇಜರ್ ಬಿರುಸಾಗಿ ನಡೆದು ಬಂದು ವೃತ್ತಗಳನ್ನೆಲ್ಲ ದಾಟಿ ನೇರವಾಗಿ ಕಿಂಡಿಯ ಮುಂದೆ ನಿಂತರು. ಗುಟ್ಟು ರಟ್ಟಾಗಿದೆ, ಜಗಳಕ್ಕೇ ಬಂದಿದ್ದಾರೆ ಎಂದುಕೊಂಡೆ.

"ಗಾಡೀಲಿ ಮಾತಾಡೋದು ನೀವೇ ಅಲ್ವಾ?" ಅಂದರು.

"ಹೌದು."

"ನನ್ನ ಸೊಸೆ ತೊಗೊಳ್ಳೋ ಮಾತ್ರೆ ಕೊಡಿ."

ನಾನು ಪೊರಕೆ ಕೆಳಗಿಟ್ಟೆ. ಅವರು ಆಚೀಚೆ ನೋಡಿ ಕಿಂಡಿಗೆ ಬಾಯಿ ಹತ್ತಿರ ತಂದರು. "ಅರ್ಧರ್ಧ ಮಾಡಿ ನುಂಗ್ತಿದಾಳೆ. ಮೆಷಿನ್ ಡ್ರಾಯರ್‌ನಲ್ಲಿ ಬ್ಲೇಡಿಗೆ ಬಿಳೀ ಪುಡಿ ಮೆತ್ತಿರುತ್ತೆ, ನಾನು ನೋಡಿದೀನಿ. ನಿನ್ನೆ ಹೊಲೀತಾ ಹೊಲೀತಾ ಹಾಗೇ ನಿಂತ್ಬಿಟ್ಲು. ಕಣ್ಣು ತೆರೆದೇ ಇತ್ತು, ಕರೆದ್ರೆ ಓಗೊಡ್ಲಿಲ್ಲ. ಆಮೇಲೆ ತೂಕಡಿಕೆ ಬಂತತ್ತೆ ಅಂದ್ಲು. ನನಗೆ ತೂಕಡಿಕೆ ಯಾವುದು, ಇದು ಯಾವುದು ಅಂತ ಗೊತ್ತಾಗಲ್ವಾ?"

"ನಿಮಗೆ..." ಎಂದು ಶುರು ಮಾಡಿ ನಿಲ್ಲಿಸಿದೆ.

"ಮದುವೆಯಾದ ಹೊಸದರಲ್ಲೇ ಗೊತ್ತಾಯ್ತು. ಹೇಳಿಲ್ಲ. ಹೇಳಿದ್ರೆ ಅವಳು ಹೆದರ್ಕೊಂಡು ಗಂಟು ಕಟ್ತಾಳೆ. ನನ್ನ ಮಗನ ಬಾಯೋ, ಅದರಲ್ಲಿ ಒಂದು ಮಾತು ನಿಲ್ಲಲ್ಲ. ಅವನಿಗೆ ತಿಳಿದ್ರೆ ಊರಿಗೇ ತಿಳೀತು. ಹೇಗೋ ಮಾತ್ರೆ ತೊಗೋತಿದಾಳೆ, ಚೆನ್ನಾಗಿದಾಳೆ, ನಾನ್ಯಾಕೆ ಬಾಯಿ ಹಾಕ್ಲಿ ಅಂತ ಸುಮ್ಮನಿದ್ದೆ. ಈಗ ಅವಳೇ ಹೊರಗೆ ಹೊರಡ್ತಿಲ್ಲ. ಹೊರಟ್ರೆ ಎಲ್ಲಿಗೆ ಅಂತ ನಾನು ಕೇಳ್ತೀನಿ ಅಂತ ಭಯ. ಕೊಡಿ ಬೇಗ."

ಅವರ ಕಣ್ಣಲ್ಲಿ ನೀರು ತುಂಬಿತ್ತು. ಆ ಬಾಗದ ಬೆನ್ನಿನ ಹೆಂಗಸು ಕಿಂಡಿಯ ಮುಂದೆ ಬಾಗಿ ನಿಂತಿದ್ದರು. ಇಷ್ಟು ದಿನ ಇವರ ಮೇಲೆ ಹಲ್ಲು ಕಡಿದದ್ದನ್ನು ನೆನೆದು ನನಗೆ ನಾಚಿಕೆಯಾಯಿತು. ಮಾತ್ರೆಯ ಪಟ್ಟಿಗಳು ನನ್ನ ಕೈಗೆಟುಕುವಷ್ಟು ಹತ್ತಿರದಲ್ಲೇ ಇದ್ದವು. ಎತ್ತಿ ಕೊಟ್ಟುಬಿಡಬಹುದಿತ್ತು.

ಅದೇ ಹೊತ್ತಿಗೆ ದೂರದ ಬೀದಿಯಿಂದ ನನ್ನದೇ ದನಿ ಕೇಳಿಸಿತು, ನಿಮ್ಮ ಮನೆಯವರಿಗೂ ಹೇಳಲ್ಲ ಎಂದು. ಕೊಟ್ಟರೆ ಆ ಹುಡುಗಿಯ ಗುಟ್ಟನ್ನು ನಾನೇ ಅವರ ಕೈಗಿಟ್ಟಂತೆ. ಅತ್ತೆಗೆ ಗೊತ್ತಿದೆ, ಸರಿ. ಆದರೆ ಅತ್ತೆಗೆ ಹೇಳು ಎಂದು ಅವಳು ನನಗೆ ಹೇಳಿಲ್ಲವಲ್ಲ. ನಾಳೆ ಅವಳು, ಔಷಧಿ ಅಂಗಡಿಯ ಅಕ್ಕನೂ ಹೀಗೇ ಎಂದುಕೊಂಡರೆ, ಆಮೇಲೆ ಯಾವ ಬಾಗಿಲಿಗೆ ಹೋಗುತ್ತಾಳೆ?

"ಅಮ್ಮಾ, ಯಾರು ಏನು ತೊಗೋತಾರೆ ಅಂತ ನಾನು ಹೇಳೋ ಹಾಗಿಲ್ಲ" ಎಂದೆ. "ನಿಮ್ಮ ಸೊಸೆ ಇಲ್ಲಿಗೆ ಬರ್ತಾಳೋ ಇಲ್ವೋ, ಅದನ್ನೂ ಹೇಳೋ ಹಾಗಿಲ್ಲ."

ನನ್ನನ್ನೂ ಮೀರಿದ ಸಿಟ್ಟಿನ ಹೆಂಗಸಿದ್ದರೆ ಇವರೇ ಎಂದುಕೊಂಡು ಕಾದೆ. ಅವರು ಬಯ್ಯಲಿಲ್ಲ. ಒಂದು ಗಳಿಗೆ ನನ್ನನ್ನೇ ದುರುಗುಟ್ಟಿ ನೋಡಿದರು.

"ನನಗೂ ಹೇಳಲ್ವಾ?"

"ನಿಮಗೂ ಇಲ್ಲ. ನೀವು ಈಗ ಇಲ್ಲಿ ಹೇಳಿದ್ದನ್ನೂ ಯಾರಿಗೂ ಹೇಳಲ್ಲ."

"ಮತ್ತೆ ಅವಳ ಗತಿ ಏನು?"

"ಅವಳೇ ಬರ್ಬೇಕು. ಇವತ್ತೇ ಬರ್ಬೇಕು. ನೀವು ಏನಾದ್ರೂ ಮಾಡಿ."

ಅವರು ಕಣ್ಣೊರೆಸಿಕೊಂಡು ನಿಂತು ಯೋಚಿಸಿದರು. ಆಮೇಲೆ, "ನನಗೆ ಮಂಡಿನೋವು" ಎಂದರು.

"ಯಾವಾಗಿಂದ?"

"ಈಗಿಂದ. ಮನೆಗೆ ಹೋಗಿ ಮಲಗ್ತೀನಿ. ಹಚ್ಚೋದಕ್ಕೆ ಮುಲಾಮು ಬೇಕು, ನನ್ನ ಕೈಲಿ ನಡೆಯೋಕಾಗಲ್ಲ, ನೀನೇ ಹೋಗಿ ತಾ ಅಂತ ಕಳಿಸ್ತೀನಿ." ಹೀಗೆಂದವರು ಬಂದದ್ದಕ್ಕಿಂತ ಬಿರುಸಾಗಿ ನಡೆದು ಹೋದರು.

ಅವರು ಕಣ್ಮರೆಯಾದ ಕೂಡಲೇ ಹುಡುಗಿಯ ಡಾಕ್ಟರಿಗೆ ಫೋನ್ ಮಾಡಿ, ಮಾತ್ರೆ ಅರ್ಧಕ್ಕಿಳಿಸಿದ ರೋಗಿಯೊಬ್ಬರಿದ್ದಾರೆ, ಏನು ಮಾಡಬೇಕೆಂದು ಕೇಳಿಟ್ಟುಕೊಂಡೆ. ಆಮೇಲೆ ಯಾವ ಗಿರಾಕಿ ಏನು ಕೇಳಿದರೋ, ನಾನು ಏನು ಕೊಟ್ಟೆನೋ ನೆನಪಿಲ್ಲ, ಎರಡೆರಡು ಸಲ ನೋಡಿಯೇ ಕೊಟ್ಟೆ. ಮನಸ್ಸು ರಸ್ತೆಯ ತುದಿಯಲ್ಲೇ ಇತ್ತು.

ಬಿಸಿಲೇರುವ ಹೊತ್ತಿಗೆ ಹುಡುಗಿ ಬಂದಳು. ಇಳಿದುಹೋಗಿದ್ದಳು, ಮುಖ ಬಿಳಿಚಿತ್ತು. ವೃತ್ತದೊಳಗೆ ನಿಂತು ತನ್ನ ಸರದಿಗೆ ಕಾದು, ಕಿಂಡಿಯ ಹತ್ತಿರ ಬಂದು, ನನ್ನ ಮುಖ ನೋಡದೆ, "ಅಕ್ಕಾ, ಅತ್ತೆಗೆ ಮಂಡಿನೋವಂತೆ, ಮುಲಾಮು ಬೇಕಂತೆ" ಎಂದಳು. ಆಮೇಲೆ ಮಡಚಿದ ಚೀಟಿಯನ್ನು ಮೆಲ್ಲಗೆ ಹಾಳೆಗೆ ಒತ್ತಿದಳು.

ನನಗೆ ಅವಳನ್ನು ತಬ್ಬಿಕೊಳ್ಳಬೇಕೆನ್ನಿಸಿತು. ಬೈದೆ. "ಎಷ್ಟು ದಿನದಿಂದ ಅರ್ಧ ನುಂಗ್ತಿದೀಯೇ? ಪ್ರಾಣ ಬೇಡ್ವಾ ನಿನಗೆ? ಡಾಕ್ಟರನ್ನ ಕೇಳಿದೀನಿ. ಇವತ್ತಿಂದ ಮೊದಲಿನ ಹಾಗೇ ಪೂರ್ತಿ ತೊಗೋ. ಬಿಟ್ಟಿದ್ದನ್ನೆಲ್ಲ ಸೇರಿಸಿ ಒಟ್ಟಿಗೆ ನುಂಗೋಕೆ ಹೋಗ್ಬೇಡ ಮತ್ತೆ. ಸಂಜೆ ಡಾಕ್ಟರ್ ಜೊತೆ ಮಾತಾಡ್ಲೇಬೇಕು, ನಮ್ಮ ಫೋನ್‌ನಿಂದಾನೇ ಮಾತಾಡು. ಅಲ್ಲೀವರೆಗೆ ಮೆಷಿನ್ ಮುಟ್ಟಿದ್ರೆ ನೋಡು."

ಬೈಯುತ್ತಲೇ ಮಾತ್ರೆಗಳನ್ನು ಕಟ್ಟಿ ಕಿಂಡಿಯಿಂದ ತೂರಿದೆ. ಅವಳು ಅದನ್ನು ಈಸಿಕೊಂಡವಳು ಅಲ್ಲೇ ನಿಂತಳು.

"ಅಕ್ಕಾ, ನಾನು ಅರ್ಧ ನುಂಗ್ತಿದ್ದೆ ಅಂತ ನಿಮಗೆ ಯಾರು ಹೇಳಿದ್ರು?"

ನನ್ನ ಬಾಯಿಗಿಷ್ಟು ಬೆಂಕಿ ಹಾಕ. ಇಷ್ಟೆಲ್ಲ ಮಾಡಿ ಕಡೆಗೆ ಸಿಟ್ಟಿನ ಭರದಲ್ಲಿ ನಾನೇ ಹೊರಹಾಕಿದ್ದೆ. ಬಿಲ್ಲಿನ ಮೇಜಿನಿಂದ ನನ್ನ ಗಂಡ ಕತ್ತೆತ್ತಿ ನೋಡಿದರು, ನೆರವಿಗೆ ಮಾತ್ರ ಬರಲಿಲ್ಲ.

"ಮಾತ್ರೆ ಮುಗಿಯೋ ಕಾಲ ದಾಟಿತ್ತಲ್ಲ, ಲೆಕ್ಕ ಹಾಕಿದೆ" ಎಂದೆ.

"ಲೆಕ್ಕ ಹಾಕಿದ್ರೆ ಬಿಟ್ಟಿದಾಳೆ ಅಂತ ಗೊತ್ತಾಗುತ್ತೆ. ಅರ್ಧ ಅಂತ ಹೇಗೆ ಗೊತ್ತಾಗುತ್ತೆ?" ಅವಳು ಕಿಂಡಿಗೆ ಇನ್ನಷ್ಟು ಹತ್ತಿರ ಬಂದಳು. "ಅತ್ತೆಗೆ ಮಂಡಿನೋವು ಯಾವತ್ತೂ ಇಲ್ಲ. ಬೆಳಿಗ್ಗೆ ಎಲ್ಲಿಗೋ ಹೋಗ್ಬಂದ್ರು, ಬಂದೋರೇ ನರಳ್ತಾ ಮಲಗಿದ್ರು. ಇಲ್ಲಿಗೆ ಬಂದಿದ್ರಾ ಅಕ್ಕಾ? ಅವರಿಗೆ ಗೊತ್ತಾ?"

ಹೌದು ಎನ್ನಬೇಕೆಂದು ನಾಲಿಗೆ ತುದಿಯವರೆಗೆ ಬಂತು. ಹೆದರಬೇಡವೇ, ಆ ಹೆಂಗಸು ನಿನಗೋಸ್ಕರ ಇಲ್ಲಿ ನಿಂತು ಅತ್ತರು ಎನ್ನಬೇಕಿತ್ತು. ಆದರೆ ಅವರೂ ನನ್ನ ಕಿಂಡಿಗೆ ಬಾಯಿಟ್ಟು ಹೇಳಿಹೋದವರೇ.

"ಇಲ್ಲಿಗೆ ಯಾರು ಬಂದ್ರು, ಏನು ಹೇಳಿದ್ರು ಅಂತ ನಾನು ಹೇಳೋ ಹಾಗಿಲ್ಲ ಕಣೇ" ಎಂದೆ. "ಯಾರಿಗೂ. ಮನೆಯವರಿಗೂ."

ಅವಳು ನನ್ನನ್ನೇ ನೋಡುತ್ತಾ ನಿಂತಳು. ಹಿಂದಿನ ವೃತ್ತದವನು ಗೊಣಗಿದ, ಅವಳು ಅಲುಗಲಿಲ್ಲ. ನಿಧಾನವಾಗಿ ಅವಳ ಕಣ್ಣು ತುಂಬಿತು, ಮುಖಗವಸಿನ ಅಂಚು ಒದ್ದೆಯಾಯಿತು. ಮಾತ್ರೆಯ ಪೊಟ್ಟಣವನ್ನು ಬಟ್ಟೆಯೊಳಗೆ ಬಚ್ಚಿಟ್ಟುಕೊಳ್ಳುತ್ತಿದ್ದವಳು ಈ ಸಲ ಕೈಯಲ್ಲೇ ಹಿಡಿದುಕೊಂಡಳು.

ನಾನು ಮುಲಾಮಿನ ಚಿಕ್ಕ ಟ್ಯೂಬೊಂದನ್ನು ತೆಗೆದು ಕಿಂಡಿಯ ಹತ್ತಿರ ಇಟ್ಟೆ.

"ಅದು ಬೇಡ ಅಕ್ಕಾ" ಎಂದಳು. "ದೊಡ್ಡದು ಕೊಡಿ. ದಿನಾ ನಾನೇ ಹಚ್ತೀನಿ."